ಹೇರ್ ಡೈ, ಕೆರಾಟಿನ್, ಶಾಂಪೂ: ಯಾವುದಕ್ಕೆ ಎಷ್ಟು ಹೆದರಬೇಕು?

ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್ಟಿನಲ್ಲಿ ಯಾವ ಕಾಸ್ಮೆಟಿಕ್ ಅಂಗಡಿಗೆ ಹೋದರೂ ಶಾಂಪೂ ಬಾಟಲಿಗಳ ಮೇಲೆ ಒಂದೇ ಪಾಠ: ಸಲ್ಫೇಟ್ ಇಲ್ಲ, ಪ್ಯಾರಾಬೆನ್ ಇಲ್ಲ, ಸಿಲಿಕೋನ್ ಇಲ್ಲ. ಅದೇ ಅಂಗಡಿಯ ಬಾಗಿಲಲ್ಲಿ ಹೇರ್ ಡೈ ಪುಡಿಯ ಪೊಟ್ಟಣಗಳ ಸರ ತೂಗಾಡುತ್ತಿರುತ್ತದೆ. ಶಾಂಪೂ ಬಗ್ಗೆ ಹತ್ತು ಪ್ರಶ್ನೆ ಕೇಳಿದವರೇ ಹೊರಡುವಾಗ ಆ ಸರದಿಂದ ಎರಡು ಪೊಟ್ಟಣ ಹರಿಸಿಕೊಂಡು ಹೋಗುತ್ತಾರೆ. ಡೈ ಬಗ್ಗೆ ಮಾತ್ರ ಯಾರೂ ಏನೂ ಕೇಳುವುದಿಲ್ಲ.

ನನ್ನ ಪ್ರಕಾರ ಭಯದ ಲೆಕ್ಕ ಇಲ್ಲಿ ಪೂರ್ತಿ ಉಲ್ಟಾ ಆಗಿದೆ. ಶಾಂಪೂ ತಲೆಯ ಮೇಲೆ ಇರೋದು ಎರಡು ನಿಮಿಷ. ಆಮೇಲೆ ನೀರಿನ ಜೊತೆ ಹೋಗಿಬಿಡುತ್ತದೆ. ಡೈ ಅರ್ಧ ಗಂಟೆ ಚರ್ಮಕ್ಕೆ ಅಂಟಿಕೊಂಡು, ಅಲ್ಲೇ ರಾಸಾಯನಿಕ ಕ್ರಿಯೆ ನಡೆಸುತ್ತದೆ. ಪಾರ್ಲರಿನಲ್ಲಿ ಕೂದಲು ನೇರ ಮಾಡಲು ಹಚ್ಚುವ ಕೆರಾಟಿನ್ ಕ್ರೀಮನ್ನಂತೂ ಕಾದ ಇಸ್ತ್ರಿಯ ಕೆಳಗೆ ಸುಡುತ್ತಾರೆ, ಆ ಹೊಗೆ ನಮ್ಮ ಮೂಗಿಗೇ ಬರುತ್ತದೆ. ಹಾಗಾಗಿ ಯಾವುದನ್ನೇ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ತಲೆಯ ಮೇಲೆ ಎಷ್ಟು ಹೊತ್ತು ಇರುತ್ತದೆ? ಇದಕ್ಕೆ ಶಾಖ ಕೊಡುತ್ತಾರಾ? ಇದರ ಹೊಗೆ ಉಸಿರಿಗೆ ಹೋಗುತ್ತದಾ? ನಾನು ಮುಂದೆ ಹೋಲಿಸೋದು ಈ ಅಳತೆಯಲ್ಲೇ. ಜಾಸ್ತಿ ಜಾಗ ಡೈಗೆ, ಯಾಕೆಂದರೆ ಜಾಸ್ತಿ ತೊಂದರೆ ಅಲ್ಲೇ ಇದೆ.

ಕೂದಲು ಕಪ್ಪು ಮಾಡಲು: ಪುಡಿ, ಕ್ರೀಮ್, ಕಪ್ಪು ಮೆಹಂದಿ, ಬರೀ ಮದರಂಗಿ

ಮೊದಲು ಪಿಪಿಡಿ ಅನ್ನುವ ಹೆಸರು ನೆನಪಿಟ್ಟುಕೊಳ್ಳಿ. ಪೂರ್ತಿ ಹೆಸರು ಪ್ಯಾರಾ-ಫಿನೈಲಿನ್‌ಡೈಅಮೀನ್. ಕೂದಲಿನ ಒಳಗೆ ಹೋಗಿ, ಆಕ್ಸಿಜನ್ ಸೇರಿದ ಮೇಲೆ ಕಪ್ಪಾಗುವ ಪದಾರ್ಥ ಇದು. ತೊಳೆದರೂ ಹೋಗದ ಕಪ್ಪು ಬಣ್ಣ ಬೇಕೆಂದರೆ ಹೆಚ್ಚಿನ ಕಂಪನಿಗಳಿಗೆ ಇದೇ ಗತಿ. ಚರ್ಮದ ಅಲರ್ಜಿ ತರುವುದರಲ್ಲೂ ಇದು ಬಹಳ ಜೋರು. ಯುರೋಪಿನಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಪಿಪಿಡಿ ಶೇಕಡಾ 2 ಮೀರುವಂತಿಲ್ಲ. ಬಣ್ಣ ಎಷ್ಟು ಕಪ್ಪೋ ಪಿಪಿಡಿ ಸಾಮಾನ್ಯವಾಗಿ ಅಷ್ಟು ಜಾಸ್ತಿ. ನಮ್ಮ ಕಡೆ ಎಲ್ಲರಿಗೂ ಬೇಕಾಗೋದು ಕಾಡಿಗೆ ಕಪ್ಪೇ ಅಲ್ವಾ?

ಪುಡಿ ಡೈ ಎಲ್ಲಕ್ಕಿಂತ ಅಗ್ಗ. ಕಟಿಂಗ್ ಅಂಗಡಿಯಲ್ಲಿ ನೋಡಿದ್ದೀರಿ: ಹಳೇ ಬಟ್ಟಲಿಗೆ ಪುಡಿ ಸುರಿದು, ನೀರು ಹಾಕಿ ಬ್ರಷ್‌ನಿಂದ ಕಲಸುತ್ತಾರೆ. ಬೂದು ಬಣ್ಣದ ಹಿಟ್ಟು ನೋಡನೋಡುತ್ತಲೇ ಕಂದಾಗಿ, ಆಮೇಲೆ ಕಪ್ಪಾಗುತ್ತದೆ. ಪುಡಿಯಲ್ಲಿ ಪಿಪಿಡಿ ಜೊತೆಗೆ ಬೇರಿಯಂ ಪೆರಾಕ್ಸೈಡ್‌ನಂಥ ಒಂದು ಪದಾರ್ಥ ಇರುತ್ತದೆ. ನೀರು ಬಿದ್ದ ಕೂಡಲೇ ಅದು ಕೆಲಸ ಶುರು ಮಾಡುತ್ತದೆ, ಬಣ್ಣ ತಿರುಗೋದು ಅದಕ್ಕೇ. ಬಟ್ಟಲಲ್ಲಿ ನಡೆಯುವ ಇದೇ ಕ್ರಿಯೆ ತಲೆಯ ಮೇಲೂ ಮುಂದುವರಿಯುತ್ತದೆ. ಅರ್ಧಕ್ಕೆ ನಿಂತ ಈ ಕ್ರಿಯೆಯಲ್ಲಿ ಹುಟ್ಟುವ ಪದಾರ್ಥಗಳೇ ಅಲರ್ಜಿಗೆ ಮುಖ್ಯ ಕಾರಣ.

ಇಲ್ಲಿ ಒಂದು ನಿಯಮದ ವಿಷಯ. ನಮ್ಮ ದೇಶದ ಕಾನೂನಿನಲ್ಲಿ ಸೌಂದರ್ಯವರ್ಧಕಗಳ ಮೇಲೆ ಪದಾರ್ಥಗಳ ಪಟ್ಟಿ ಹಾಕಬೇಕು. ಶೇಕಡಾ 1ಕ್ಕಿಂತ ಹೆಚ್ಚಿರುವುದನ್ನು ಪ್ರಮಾಣದ ಇಳಿಕೆ ಕ್ರಮದಲ್ಲೇ ಬರೆಯಬೇಕು. ಆದರೆ ದ್ರವವಾದರೆ 60 ಮಿಲಿಗಿಂತ, ಪುಡಿ ಮತ್ತು ಕ್ರೀಮ್ ಆದರೆ 30 ಗ್ರಾಮಿಗಿಂತ ಕಡಿಮೆ ಇರುವ ಪೊಟ್ಟಣಕ್ಕೆ ಪಟ್ಟಿಯಿಂದ ವಿನಾಯಿತಿ ಇದೆ. ಅಂದರೆ ಸರದಲ್ಲಿ ತೂಗುವ ಸಣ್ಣ ಪೊಟ್ಟಣದಲ್ಲಿ ಏನಿದೆ ಅಂತ ಪೂರ್ತಿ ಹೇಳಬೇಕೆಂದಿಲ್ಲ. ಆದರೂ ಪಿಪಿಡಿ ಇರುವ ಡೈ ಮೇಲೆ ಎಚ್ಚರಿಕೆಯ ಮಾತು ಇರಲೇಬೇಕು: ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡಿ, ಹುಬ್ಬು ಮತ್ತು ರೆಪ್ಪೆಗೆ ಹಚ್ಚಬೇಡಿ, ಹಚ್ಚಿದರೆ ಕಣ್ಣು ಹೋಗಬಹುದು. ಅಕ್ಷರ ಇರುವೆ ಗಾತ್ರದ್ದಾದರೂ ಇದನ್ನು ಹುಡುಕಿ ಓದಿ. ಪೊಟ್ಟಣದಲ್ಲಿ ಈ ಎಚ್ಚರಿಕೆಯೂ ಇಲ್ಲ, ತಯಾರಿಕೆಯ ಲೈಸೆನ್ಸ್ ನಂಬರೂ ಇಲ್ಲ ಅಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇನ್ನು ಕ್ರೀಮ್ ಡೈ. ಡಬ್ಬಿಯ ಮುಂದೆ ದೊಡ್ಡದಾಗಿ ‘ಅಮೋನಿಯಾ ಇಲ್ಲ’ ಅಂತ ಇರುತ್ತದೆ. ಸರಿ, ಮೂಗಿಗೆ ಘಾಟು ಹೊಡೆಯೋದಿಲ್ಲ, ಕಣ್ಣು ಉರಿಯೋದಿಲ್ಲ. ಆದರೆ ಅಮೋನಿಯಾ ಮಾಡುವ ಮುಖ್ಯ ಕೆಲಸ ಕೂದಲಿನ ಹೊರಪದರ ತೆರೆಯೋದು. ಅದರ ಜಾಗಕ್ಕೆ ವಾಸನೆ ಕಡಿಮೆ ಇರುವ ಎಥನಾಲ್‌ಅಮೀನ್ ಹಾಕುತ್ತಾರೆ. ಬಣ್ಣ ಕೊಡುವ ಪಿಪಿಡಿ ಹಾಗೆಯೇ ಇರಬಹುದು. ಡೈಯಿಂದ ಮುಖ ಊದಿಕೊಂಡವರಿಗೆ ಅಂಗಡಿಯವರು ‘ಇದು ತಗೋರಿ, ಅಮೋನಿಯಾ ಇಲ್ಲ, ಏನೂ ಆಗಂಗಿಲ್ಲ’ ಅಂತ ಇದನ್ನೇ ಕೊಡುವುದುಂಟು. ಅಲರ್ಜಿಗೂ ಅಮೋನಿಯಾಕ್ಕೂ ಸಂಬಂಧವಿಲ್ಲ ಅಂತ ಅವರಿಗೂ ಗೊತ್ತಿರೋದಿಲ್ಲ. ಕೆಲವು ದುಬಾರಿ ಕ್ರೀಮುಗಳಲ್ಲಿ ಪಿಪಿಡಿ ಬದಲು ಅದರ ಸೋದರ ಸಂಬಂಧಿ ಟೊಲ್ಯುಯೀನ್ ಡೈಅಮೀನ್ ಇರುತ್ತದೆ. ಪಿಪಿಡಿ ಅಲರ್ಜಿ ಆಗಲೇ ಬಂದವರಲ್ಲಿ ಹಲವರಿಗೆ ಅದೂ ಆಗಿಬರೋದಿಲ್ಲ.

ಪುಡಿಗೆ ಹೋಲಿಸಿದರೆ ಕ್ರೀಮಿನ ನಿಜವಾದ ಲಾಭ ಬೇರೆಯೇ ಇದೆ. ಡಬ್ಬಿಯಲ್ಲಿ ಪಟ್ಟಿ ಸಿಗುವ ಸಂಭವ ಜಾಸ್ತಿ, ಕೈಗವಸು ಇರುತ್ತದೆ, ಅಳತೆ ಸರಿಯಾಗಿರುತ್ತದೆ. ಪುಡಿಯನ್ನು ಕಣ್ಣಳತೆಯಲ್ಲಿ ಕಲಸೋದು ನಮ್ಮ ರೂಢಿ.

ನನಗೆ ಜಾಸ್ತಿ ಸಿಟ್ಟು ಬರಿಸೋದು ‘ಕಪ್ಪು ಮೆಹಂದಿ’. ಮೆಹಂದಿ ಅಂದ ಕೂಡಲೇ ಎಲೆ, ಗಿಡ, ತಂಪು ಅಂತ ಮನಸ್ಸು ನಂಬಿಬಿಡುತ್ತದೆ. ಮದರಂಗಿ ಎಲೆಯಲ್ಲಿರುವ ಬಣ್ಣದ ಪದಾರ್ಥ ಲಾಸೋನ್. ಅದು ಕೊಡೋದು ಕಿತ್ತಳೆ, ಕೆಂಪು, ಹೆಚ್ಚೆಂದರೆ ಕಡುಗೆಂಪು. ಬರೀ ಮದರಂಗಿ ಯಾವತ್ತೂ ಕಪ್ಪು ಕೊಡೋದಿಲ್ಲ. ಕಪ್ಪು ಬಂತು ಅಂದರೆ ಒಂದೋ ನೀಲಿ (ಇಂಡಿಗೊ) ಗಿಡದ ಎಲೆಪುಡಿ ಸೇರಿಸಿದ್ದಾರೆ, ಇಲ್ಲವೇ ಪಿಪಿಡಿ ಹಾಕಿದ್ದಾರೆ. ಅರ್ಧ ಗಂಟೆಯಲ್ಲಿ ಕಪ್ಪಾಯಿತು, ಕಲಸುವಾಗ ಹಸಿರು ವಾಸನೆಯೂ ಇಲ್ಲ ಅಂದರೆ ಎರಡನೆಯದೇ ಇರಬೇಕು ಅಂದುಕೊಳ್ಳಿ.

ಮದುವೆ, ಜಾತ್ರೆಗಳಲ್ಲಿ ಮಕ್ಕಳ ಕೈಗೆ ಹಾಕುವ ಕಪ್ಪು ಕೋನ್ ಇನ್ನೂ ಕೆಟ್ಟದ್ದು. ಅದರಲ್ಲಿ ಪಿಪಿಡಿ ಇದ್ದರೆ ಮಗುವಿನ ಶರೀರ ಆಗಲೇ ಅದನ್ನು ಗುರುತಿಟ್ಟುಕೊಳ್ಳಬಹುದು. ಇಪ್ಪತ್ತು ವರ್ಷ ಬಿಟ್ಟು ಮೊದಲ ಸಲ ಡೈ ಹಚ್ಚಿದಾಗ ಮುಖ, ಕಣ್ಣು ಊದಿಕೊಳ್ಳೋದು ಈ ಹಳೇ ಲೆಕ್ಕಕ್ಕೆ.

ಹಾಗಾದರೆ ಶುದ್ಧ ಮದರಂಗಿಯ ಮೇಲೆ ನೀಲಿ ಎಲೆಪುಡಿ? ಇದು ನಿಜವಾದ ಬದಲಿ ದಾರಿ. ಮೊದಲು ಮದರಂಗಿ ಹಚ್ಚಿ ಕೆಲವು ಗಂಟೆ ಬಿಟ್ಟು ತೊಳೆಯಬೇಕು. ಆಮೇಲೆ ನೀಲಿ ಪುಡಿಯನ್ನು ಉಗುರುಬೆಚ್ಚನೆ ನೀರಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಬೇಕು. ಇದನ್ನು ಬಹಳ ಹೊತ್ತು ಕಲಸಿಟ್ಟರೆ ಶಕ್ತಿ ಹೋಗುತ್ತದೆ. ಬಣ್ಣ ಕಂದು-ಕಪ್ಪು, ಮರುದಿನ ಇನ್ನಷ್ಟು ಕಡು. ತೊಂದರೆ ಏನೆಂದರೆ ಅರ್ಧ ದಿನ ಹೋಗುತ್ತದೆ, ಮನೆಯ ಬಚ್ಚಲು ಹೊಲಸಾಗುತ್ತದೆ, ಬಣ್ಣ ಪ್ರತಿ ಸಲ ಒಂದೇ ತರ ಬರೋದಿಲ್ಲ. ನಾಳೆ ಬೆಳಿಗ್ಗೆ ಮದುವೆ ಇದೆ ಅನ್ನುವವರಿಗೆ ಇದು ಆಗದ ಮಾತು. ಮದರಂಗಿಗೂ ಅಲರ್ಜಿ ಆಗಬಹುದು, ಆದರೆ ಅಪರೂಪ. ಒಂದು ಎಚ್ಚರ: ಜಿ6ಪಿಡಿ ಕಿಣ್ವದ ಕೊರತೆ ಇರುವ ಎಳೆ ಮಕ್ಕಳಿಗೆ ಮದರಂಗಿ ಹಚ್ಚಿದಾಗ ರಕ್ತದ ಕೆಂಪು ಕಣಗಳು ಒಡೆದ ಪ್ರಕರಣಗಳಿವೆ. ಕೂಸಿಗೆ ಮದರಂಗಿ ಬೇಡ.

ಪೂರ್ತಿ ಬಿಳಿ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ತೊಳೆದರೆ ಹೋಗುವ ಬಣ್ಣದ ಕಡ್ಡಿ ಅಥವಾ ಪೌಡರ್. ಕಪಾಳದ ಹತ್ತಿರ, ಬೈತಲೆಯಲ್ಲಿ ಮುಟ್ಟಿಸಿಕೊಂಡರೆ ಸಮಾರಂಭ ಮುಗಿಸಿ ಬರಬಹುದು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಬೆವರು ಇಳಿದರೆ ಅಂಗಿಯ ಕಾಲರ್ ಕಪ್ಪಾಗೋದು ಮಾತ್ರ ಗ್ಯಾರಂಟಿ.

ಪಿಪಿಡಿ ಇರುವ ಡೈಯನ್ನೇ ಹಚ್ಚುತ್ತೀರಾ? ಹಚ್ಚಿ. ಬಹಳ ಜನಕ್ಕೆ ಏನೂ ಆಗೋದಿಲ್ಲ. ಆದರೆ ಪರೀಕ್ಷೆ ಬಿಡಬೇಡಿ. ಕಿವಿಯ ಹಿಂದೆ ಅಥವಾ ಮೊಳಕೈ ಒಳಮಡಿಕೆಯಲ್ಲಿ, ಕಲಸಿದ ಡೈಯನ್ನು ಚುಕ್ಕೆಯಷ್ಟು ಹಚ್ಚಿ ಒಣಗಲು ಬಿಡಿ. ನಮ್ಮ ನಿಯಮ ಹೇಳೋದು 24 ಗಂಟೆ. ಆದರೆ ಈ ಅಲರ್ಜಿ ನಿಧಾನಕ್ಕೆ ಏಳುವಂಥದ್ದು, 48 ಗಂಟೆ ಕಾದರೆ ಒಳ್ಳೆಯದು. ಪ್ರತಿ ಸಲವೂ ಮಾಡಬೇಕು. ‘ಹತ್ತು ವರ್ಷದಿಂದ ಹಚ್ತೀನ್ರೀ, ಏನೂ ಆಗಿಲ್ಲ’ ಅನ್ನೋದು ವಾದವಲ್ಲ, ಈ ಅಲರ್ಜಿ ಹನ್ನೊಂದನೇ ವರ್ಷವೂ ಬರಬಹುದು. ಹಚ್ಚುವ ಮುಂಚೆ ಹಣೆಯ ಅಂಚಿಗೆ, ಕಿವಿಗೆ ವ್ಯಾಸಲಿನ್ ಸವರಿ. ತಲೆಬುರುಡೆಗೆ ತಿಕ್ಕಬೇಡಿ, ಕೂದಲಿಗಷ್ಟೇ ಹಚ್ಚಿ. ಗಾಯ, ತುರಿಕೆ ಇದ್ದರೆ ಅವತ್ತು ಬೇಡ. ಮೀಸೆಗೆ ಹಚ್ಚುವವರು ಇನ್ನೂ ಹುಷಾರು, ಅಲ್ಲಿ ಚರ್ಮ ತೆಳು, ಬಾಯಿ ಪಕ್ಕದಲ್ಲೇ. ಹುಬ್ಬಿಗಂತೂ ಬೇಡವೇ ಬೇಡ. ಕಟಿಂಗ್ ಅಂಗಡಿಯಲ್ಲಿ ತಲೆ ಮುಗಿಸಿ, ಬಟ್ಟಲಲ್ಲಿ ಉಳಿದದ್ದನ್ನು ಹುಬ್ಬಿಗೂ ಎಳೆಯಲು ಬಂದರೆ ಕೈ ಹಿಡಿದು ನಿಲ್ಲಿಸಿ.

ತುರಿಕೆ, ಉರಿ ಶುರುವಾದರೆ ಆಗಲೇ ತೊಳೆಯಿರಿ. ಮುಖ, ರೆಪ್ಪೆ ಊದಿದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಪೊಟ್ಟಣವನ್ನೂ ಒಯ್ಯಿರಿ. ಉಸಿರಾಟಕ್ಕೆ ತೊಂದರೆ ಆದರೆ ಸೀದಾ ತುರ್ತು ವಿಭಾಗ. ಡೈ ಹೊಟ್ಟೆಗೆ ಹೋದರೆ ವಿಷ. ಗಂಟಲು ಊದುತ್ತದೆ, ಮೂತ್ರಪಿಂಡ ಕೈಕೊಡುತ್ತದೆ, ಇದಕ್ಕೆಂದೇ ಪ್ರತಿವಿಷವೂ ಇಲ್ಲ. ಒಂದು ನಿಮಿಷವೂ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಡೈ ಪೊಟ್ಟಣವನ್ನು ಕನ್ನಡಿ ಹತ್ತಿರ ಇಡದೆ ಬೀಗದೊಳಗೆ ಇಡಿ.

ಕ್ಯಾನ್ಸರ್ ಬರುತ್ತದಾ ಅನ್ನೋದು ಮುಂದಿನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ಬೇರೆ ಉತ್ತರ ಇವೆ. ಸ್ವಂತಕ್ಕೆ ಡೈ ಹಚ್ಚಿಕೊಳ್ಳುವವರ ವಿಷಯದಲ್ಲಿ ಹೌದು-ಅಲ್ಲ ಅನ್ನಲು ಸಾಕಷ್ಟು ಆಧಾರವಿಲ್ಲ. ದಿನವಿಡೀ ಇದೇ ಕೆಲಸ ಮಾಡುವ ಕ್ಷೌರಿಕರು, ಪಾರ್ಲರಿನವರಿಗೆ ಬಹುಶಃ ಅಪಾಯ ಇದೆ. 2020ರಲ್ಲಿ ಅಮೆರಿಕದ 1,17,200 ನರ್ಸ್‌ಗಳನ್ನು 36 ವರ್ಷ ಹಿಂಬಾಲಿಸಿದ ಅಧ್ಯಯನ ಬಂತು. ಹೆಚ್ಚಿನ ಕ್ಯಾನ್ಸರ್‌ಗಳಿಗೂ ಶಾಶ್ವತ ಡೈಗೂ ಅದರಲ್ಲಿ ನಂಟು ಕಾಣಲಿಲ್ಲ, ಕೆಲವು ಬಗೆಯ ಸ್ತನ, ಅಂಡಾಶಯ ಮತ್ತು ಚರ್ಮದ ಕ್ಯಾನ್ಸರ್‌ಗಳಲ್ಲಿ ಸ್ವಲ್ಪ ಏರಿಕೆ ಕಂಡಿತು. ಹಾಗಾಗಿ ಗಿರಾಕಿಗಿಂತ ಕೈಗವಸಿಲ್ಲದೆ ದಿನಾ ಡೈ ಕಲಸುವ ಕಟಿಂಗ್ ಅಂಗಡಿಯ ಹುಡುಗನ ಬಗ್ಗೆ ನನಗೆ ಚಿಂತೆ ಜಾಸ್ತಿ.

ಕೂದಲು ನೇರ ಮಾಡಲು: ಕೆರಾಟಿನ್, ರೀಬಾಂಡಿಂಗ್, ಬರೀ ಇಸ್ತ್ರಿ

ಬಸವ ಜಯಂತಿ ಸುತ್ತಮುತ್ತ ಮದುವೆಗಳು ಶುರುವಾದರೆ ಪಾರ್ಲರುಗಳಲ್ಲಿ ಕೆರಾಟಿನ್‌ಗೆ ಸರತಿ. ಕೆರಾಟಿನ್ ಅಂದರೆ ಕೂದಲಿನಲ್ಲೇ ಇರುವ ಪ್ರೋಟೀನ್. ಹೆಸರು ಅದರದ್ದು, ಕೆಲಸ ಮಾಡೋದು ಬೇರೆಯದು. ಹಳೇ ಸೂತ್ರದಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಾಲಿನ್‌ನ ಮೂಲವೂ ಅದೇ. ಕ್ರೀಮಿನ ಮೇಲೆ 200 ಡಿಗ್ರಿ ದಾಟಿದ ಇಸ್ತ್ರಿ ಎಳೆದಾಗ ಬಿಳಿ ಹೊಗೆ ಏಳುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಗಂಟಲು ಕೆರೆಯುತ್ತದೆ. ಹೊರಗೆ 40 ಡಿಗ್ರಿ ಬಿಸಿಲು, ಒಳಗೆ ಎಸಿ ಹಾಕಿ ಬಾಗಿಲು ಮುಚ್ಚಿದ ಸಣ್ಣ ಕೋಣೆ. ಹೊಗೆ ಹೋಗಲು ದಾರಿಯೇ ಇಲ್ಲ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ 2004ರಲ್ಲೇ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತವಾಗಿ ವರ್ಗೀಕರಿಸಿದೆ. ಡೈ ವಿಷಯದಲ್ಲಿ ಇರುವ ಅನುಮಾನ ಇಲ್ಲಿ ಇಲ್ಲ.

‘ಫಾರ್ಮಾಲ್ಡಿಹೈಡ್ ಇಲ್ಲ’ ಅನ್ನುವ ಡಬ್ಬಿ ಕೇಳಿದರೆ ಸಾಕಾ? ಸಾಲದು. ಮಿಥಿಲೀನ್ ಗ್ಲೈಕಾಲ್ ಅಂತ ಬರೆದಿದ್ದರೆ ಅದು ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡೇ, ಬೇರೆ ಅಂಗಿ ತೊಟ್ಟಿದೆ ಅಷ್ಟೇ. ಹೊಸ ಕ್ರೀಮುಗಳಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. ಇದೂ ಕಾಸಿದಾಗ ಫಾರ್ಮಾಲ್ಡಿಹೈಡ್ ಬಿಡಬಲ್ಲದು. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 26 ವರ್ಷದ ಒಬ್ಬ ಹೆಣ್ಣುಮಗಳ ಪ್ರಕರಣ ಬಂತು. 2020, 2021, 2022ರಲ್ಲಿ ಮೂರು ಸಲ ಟುನೀಷಿಯಾದ ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿದ್ದಳು. ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು. ಆ ಕ್ರೀಮನ್ನು ಇಲಿಗಳ ಬೆನ್ನಿಗೆ ಹಚ್ಚಿ ನೋಡಿದಾಗ ಅವುಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳು ಕಂಡವು.

ರೀಬಾಂಡಿಂಗ್‌ನಲ್ಲಿ ಥಯೋಗ್ಲೈಕೊಲೇಟ್ ಅನ್ನುವ ಪದಾರ್ಥ ಕೂದಲಿನ ಒಳಗಿನ ಗಂಧಕದ ಕೊಂಡಿ ಮುರಿಯುತ್ತದೆ. ಆಮೇಲೆ ಪೆರಾಕ್ಸೈಡ್‌ನಿಂದ ಮತ್ತೆ ಬೆಸೆಯುತ್ತಾರೆ. ಹೊಲಸು ವಾಸನೆ, ತಲೆ ಉರಿ, ಕೂದಲು ತುಂಡಾಗೋದು ಇದರ ಕಾಟ. ಎರಡನ್ನೂ ಎದುರುಬದುರು ಇಟ್ಟರೆ ರೀಬಾಂಡಿಂಗ್ ಕೆಡಿಸೋದು ಕೂದಲನ್ನು, ಫಾರ್ಮಾಲ್ಡಿಹೈಡ್ ಕೆರಾಟಿನ್ ಕೆಡಿಸೋದು ಶರೀರವನ್ನು. ಕೂದಲು ಮತ್ತೆ ಬರುತ್ತದೆ. ಆರಿಸಲೇಬೇಕು ಅಂದರೆ ನಾನು ರೀಬಾಂಡಿಂಗ್ ಅನ್ನುತ್ತೇನೆ, ಅದೂ ವರ್ಷಕ್ಕೊಮ್ಮೆ, ಕಿಟಕಿ ತೆರೆದ ಪಾರ್ಲರಿನಲ್ಲಿ. ಒಂದು ದಿನದ ಸಮಾರಂಭಕ್ಕಾದರೆ ಒಣ ಕೂದಲಿಗೆ ಬರೀ ಇಸ್ತ್ರಿ ಸಾಕು. ಗರ್ಭಿಣಿಯರು, ಹಾಲೂಡಿಸುವವರು ಯಾವ ಕ್ರೀಮೂ ಹಾಕಿಸದೆ ಇರುವುದು ಮೇಲು.

ಅಮೆರಿಕದ ಇನ್ನೊಂದು ಅಧ್ಯಯನ 2022ರಲ್ಲಿ ಬಂತು, 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ್ದು. ನೇರ ಮಾಡುವ ಕ್ರೀಮನ್ನು ಎಂದೂ ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡಾ 1.64. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05. ಕಾರಣ ಇದೇ ಅಂತ ಇದರಿಂದ ಸಾಬೀತಾಗೋದಿಲ್ಲ. ಆದರೆ ಪದೇ ಪದೇ ಪ್ಯಾಕೇಜ್ ಹಾಕಿಸಿಕೊಳ್ಳಿ ಅನ್ನುವವರಿಗೆ ಬೇಡ ಅನ್ನಲು ಇಷ್ಟು ಸಾಕು.

ಶಾಂಪೂ: ಮೊದಲು ನಿಮ್ಮ ನೀರು ನೋಡಿ

ಸಲ್ಫೇಟ್ ಅಂದರೆ ನೊರೆ ಕೊಡುವ ಸೋಡಿಯಂ ಲಾರಿಲ್ ಸಲ್ಫೇಟ್ ಮತ್ತು ಅದಕ್ಕಿಂತ ಮೆತ್ತಗಿನ ಸೋಡಿಯಂ ಲಾರೆತ್ ಸಲ್ಫೇಟ್. ಇವು ಚರ್ಮ ಒಣಗಿಸುತ್ತವೆ, ಕಣ್ಣಿಗೆ ಹೋದರೆ ಉರಿ. ಕ್ಯಾನ್ಸರ್ ತರುತ್ತವೆ ಅನ್ನುವ ಸುದ್ದಿ ಸುಳ್ಳು. ಲಾರೆತ್ ತಯಾರಿಸುವಾಗ 1,4-ಡೈಆಕ್ಸೇನ್ ಅನ್ನುವ, ಕ್ಯಾನ್ಸರಿನ ಅನುಮಾನ ಇರುವ ಕಲ್ಮಶ ಚೂರು ಉಳಿಯಬಹುದು. ಅದನ್ನು ಕಾರ್ಖಾನೆಯಲ್ಲೇ ತೆಗೆಯಲು ಬರುತ್ತದೆ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ನಳದಲ್ಲಿ ಕೃಷ್ಣಾ ನೀರು ಬಂದ ದಿನ ಒಂದು ತರ, ಬೋರಿನ ಸವಳು ನೀರಿನ ದಿನ ಇನ್ನೊಂದು ತರ. ಗಡಸು ನೀರಲ್ಲಿ ಸಾಬೂನು ಹಚ್ಚಿದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿ ಕಟ್ಟುತ್ತದೆ, ಕೂದಲು ನಾರಾಗುತ್ತದೆ. ಮೈಗೆ ಹಚ್ಚುವ ಸಾಬೂನನ್ನೇ ತಲೆಗೂ ತಿಕ್ಕುವವರ ಕೂದಲು ಹೀಗಾಗೋದು ಇದಕ್ಕೇ. ಸಲ್ಫೇಟ್ ಶಾಂಪೂ ಗಸಿ ಕಟ್ಟೋದಿಲ್ಲ. ಆದ್ದರಿಂದ ಬೋರ್ ನೀರಿನ ಮನೆಗಳಿಗೆ, ಎಣ್ಣೆ ಜಾಸ್ತಿ ಹಚ್ಚುವವರಿಗೆ ಸಾದಾ ಲಾರೆತ್ ಶಾಂಪೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೊನೆಗೆ ಒಂದು ತಂಬಿಗೆ ಫಿಲ್ಟರ್ ನೀರು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಡೈ ಹಚ್ಚಿದ ಕೂದಲು, ಒಣ ಚರ್ಮ, ತುರಿಕೆ ಇದ್ದವರು ಸಲ್ಫೇಟ್ ಇಲ್ಲದ್ದಕ್ಕೆ ಜಾಸ್ತಿ ದುಡ್ಡು ಕೊಡಬಹುದು. ಉಳಿದವರು ಸುಮ್ನೆ ಯಾಕೆ ಕೊಡಬೇಕು?

ಸೀಗೆಕಾಯಿ ಮೆತ್ತಗೆ ತೊಳೆಯುತ್ತದೆ, ಗಸಿ ಕಟ್ಟೋದಿಲ್ಲ. ಅಂಟುವಾಳ ಅದಕ್ಕಿಂತ ಜೋರು. ಎರಡೂ ಕಣ್ಣಿಗೆ ಖಾರ, ನೆನೆಸಿಟ್ಟರೆ ಬೇಗ ಕೆಡುತ್ತವೆ. ವಾರಕ್ಕೊಮ್ಮೆ ಎರೆದುಕೊಳ್ಳುವವರಿಗೆ ಇದು ಸಾಕು. ದಿನಾ ಧೂಳಲ್ಲಿ ಬೈಕ್ ಓಡಿಸುವವರಿಗೆ ಆಗೋದಿಲ್ಲ.

ಪ್ಯಾರಾಬೆನ್ ವಿಷಯ ಚಿಕ್ಕದು. ಇವು ಶಾಂಪೂ ಕೆಡದಂತೆ ಹಾಕುವ ಪದಾರ್ಥಗಳು. 2004ರಲ್ಲಿ ಬ್ರಿಟನ್ನಿನಲ್ಲಿ 20 ಸ್ತನಗಡ್ಡೆಗಳಲ್ಲಿ ಇವು ಸಿಕ್ಕವು ಅನ್ನೋದರಿಂದ ಗಲಾಟೆ ಎದ್ದಿತು. ಆರೋಗ್ಯವಂತರ ಚರ್ಮ-ಮಾಂಸದ ಜೊತೆ ಅದನ್ನು ಹೋಲಿಸಿಯೇ ಇರಲಿಲ್ಲ. ಯುರೋಪು 2014ರಲ್ಲಿ ಐದು ಬಗೆಯ ಪ್ಯಾರಾಬೆನ್ ನಿಷೇಧಿಸಿತು, ಮಿಥೈಲ್ ಮತ್ತು ಈಥೈಲ್ ಬಗೆಯನ್ನು ಬಿಟ್ಟಿತು. ತಮಾಷೆ ಏನೆಂದರೆ, ಪ್ಯಾರಾಬೆನ್ ತೆಗೆದು ಹಲವರು ಅದರ ಜಾಗಕ್ಕೆ ಮಿಥೈಲ್‌ಐಸೋಥಯಾಜೊಲಿನೋನ್ ತಂದರು. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಅಂತ ಘೋಷಿಸಿತು. 2019ರಲ್ಲಿ ಅದೇ ಸಂಘ ಪ್ಯಾರಾಬೆನ್ನನ್ನು ‘ಅಲರ್ಜಿ ತರದ್ದು’ ಅಂತ ಆರಿಸಿತು. ಶಾಂಪೂ ಹಾಕಿದ ಮೇಲೆ ಕಿವಿ ಹಿಂದೆ, ಕತ್ತಿನ ಮೇಲೆ ತುರಿಕೆ ಬಂದರೆ ಈ ಉದ್ದ ಹೆಸರನ್ನು ಪಟ್ಟಿಯಲ್ಲಿ ಹುಡುಕಿ.

ಹೊಟ್ಟಿನ ಶಾಂಪೂಗಳಲ್ಲಿ ಝಿಂಕ್ ಪೈರಿಥಿಯೋನ್ ಸಾಮಾನ್ಯ. ಯುರೋಪಿನಲ್ಲಿ 2022ರ ಮಾರ್ಚ್‌ನಿಂದ ಅದಕ್ಕೆ ನಿಷೇಧ, ನಮ್ಮಲ್ಲಿ ಇಲ್ಲ. ಹೆದರಿ ಬಿಸಾಡುವಂಥದ್ದಲ್ಲ, ತೊಳೆದು ಹೋಗುವ ಶಾಂಪೂವಿನಲ್ಲಿ ಶೇಕಡಾ 1ರವರೆಗೆ ಸುರಕ್ಷಿತ ಅಂತ ಅಲ್ಲಿನ ವಿಜ್ಞಾನಿಗಳ ಸಮಿತಿಯೇ ಹೇಳಿತ್ತು. ಬದಲಿ ಬೇಕಾದರೆ ಪೈರೊಕ್ಟೋನ್ ಓಲಮೀನ್ ಇರುವುದನ್ನು ನೋಡಿ. ಶೇಕಡಾ 2ರ ಕೀಟೊಕೊನಜೋಲ್ ಔಷಧ, ಡಾಕ್ಟರನ್ನು ಕೇಳಿ ತಗೊಳ್ಳಿ.

ಎಣ್ಣೆ

‘ಬಾದಾಮಿ’, ‘ಆಮ್ಲಾ’ ಅಂತ ಹೆಸರಿಟ್ಟ ಎಷ್ಟೋ ಬಾಟಲಿಗಳ ಪಟ್ಟಿಯಲ್ಲಿ ಮೊದಲು ಬರೋದು ಮಿನರಲ್ ಆಯಿಲ್, ಅಂದರೆ ಲಿಕ್ವಿಡ್ ಪ್ಯಾರಾಫಿನ್. ಶುದ್ಧೀಕರಿಸಿದ್ದಾದರೆ ವಿಷವಲ್ಲ, ಕೂದಲಿನ ಮೇಲೆ ಜಾರುವ ಪದರ ಆಗಿ ಕೂರುತ್ತದೆ, ಒಳಗೆ ಹೋಗೋದಿಲ್ಲ. ಕೊಬ್ಬರಿ ಎಣ್ಣೆ ಒಳಗೆ ಹೋಗಿ ಪ್ರೋಟೀನ್ ನಷ್ಟ ತಗ್ಗಿಸುತ್ತದೆ, ಮಿನರಲ್ ಮತ್ತು ಸೂರ್ಯಕಾಂತಿ ಎಣ್ಣೆಯಿಂದ ಅದು ಆಗಲಿಲ್ಲ ಅಂತ 2003ರ ಒಂದು ಪ್ರಯೋಗ ತೋರಿಸಿತು. ಅದನ್ನು ನಡೆಸಿದ್ದು ಕೊಬ್ಬರಿ ಎಣ್ಣೆ ಮಾರುವ ಮುಂಬೈ ಕಂಪನಿಯ ಸಂಶೋಧಕರೇ ಅನ್ನೋದೂ ಗೊತ್ತಿರಲಿ. ಅಡುಗೆಯ ಕುಸುಬಿ ಎಣ್ಣೆಯನ್ನೇ ತಲೆಗೂ ಹಚ್ಚುವ ಮನೆಗಳಿವೆ. ಅದರಿಂದ ಅಪಾಯವೇನೂ ಇಲ್ಲ. ಹಚ್ಚಿ ಬಹಳ ದಿನ ಬಿಟ್ಟರೆ ಜಿಗುಟಾಗಿ ಕಮಟು ವಾಸನೆ ಬರುತ್ತದೆ, ಹಾಗಾಗಿ ರಾತ್ರಿ ಹಚ್ಚಿದರೆ ಬೆಳಿಗ್ಗೆ ಎರೆದುಕೊಳ್ಳಿ.